ಖಾಲಿ ಕಲಮು

ಗುರುಮಠಕಲ್ ಸುತ್ತಿನ ತಾಂಡಾಗಳಾಗ
ನಾಕುನೂರಾ ಹನ್ನೆರಡು ಬೆರಳು ಚುಚ್ಚೀನಿ.
ಐಸಿನ ಡಬ್ಬಿ ತೊಡಿಮ್ಯಾಗ,
ಯಾದಗಿರಿ ತನಕ ಬಸ್ಸಿನಾಗ
ನಿಂತವರ ಮೊಣಕೈ ತಡಕೋತ.

ರೊಕ್ಕ ಯಾವುದೋ ದೂರದ ದೇಶದ್ದು,
ಅಲ್ಲಿ ಮಂದಿ ಕಟ್ಟಿದ ಕಂದಾಯದ್ದು.
ಅವರಿಗೂ ಓದಲಿಕ್ಕ ಸಿಗೂದಿಲ್ಲಂತ.

ಝಮಲಿಬಾಯಿ ಸಿಕ್ಕಾಗೊಮ್ಮೆ ಕೇಳ್ತಾಳ:
'ನನ್ನ ರಕ್ತದಾಗ ಏನ್ ಬಂತವ್ವಾ?'

ಇವತ್ತು ಝೆರಾಕ್ಸ್ ಅಂಗಡಿ ಇಲಿಯಾಸ್
ಹುಡುಕಿ ತೋರಿಸಿದ. ಆರು ಸಾಲು,
ಆಮ್ಯಾಲ ಬೀಗದ ಚಿತ್ರ.
ಮೂವತ್ತೊಂಬತ್ತು ಡಾಲರ್.
ಕ್ಯಾಲ್ಕುಲೇಟರ್ ಒತ್ತಿದ,
ನನ್ನ ಕಡಿ ನೋಡಲಿಲ್ಲ.

'ಕಡೀಗೆ ನಿಮಗ ಕೃತಜ್ಞತೆ ಹೇಳಿರ್ತಾರ' ಅಂದ.
ಅದೂ ಒಳಗೇ ಅದ.

ಅಂಗನವಾಡಿ ಮೊಳಿಗೆ ತೂಗೂ ನನ್ನ ವಹಿ
ಯಾರರೆ ತೆರೀಬಹುದು.
ಝಮಲಿಬಾಯಿ ಹೆಸರಿನ ಮುಂದ
ಫಲಿತಾಂಶದ ಕಲಮು ಖಾಲಿ;
ದಾರಕ್ಕ ಕಟ್ಟಿದ ಪೆನ್ಸಿಲು
ಗಾಳಿಗೆ ಗ್ವಾಡಿ ಗೀಚ್ಲಿಕತ್ತದ.