ನಡಾವಳಿ

ನೆಬ್ರಾಸ್ಕಾದ ಟೆರಿಲ್ ಕೌಂಟಿ. ಮಂಗಳವಾರ, ಬೆಳಿಗ್ಗೆ ಒಂಬತ್ತು.
ಕೋರ್ಟ್‌ಹೌಸಿನ ಎರಡನೇ ಮಹಡಿ,
ಸೋರುವ ಮೂಲೆಗೊಂದು ಬಕೆಟ್ಟು.
ಐವರು ಕಮಿಷನರುಗಳು ಹಾಜರು, ಗೈರುಹಾಜರು ಯಾರೂ ಇಲ್ಲ
ಎಂದು ಬರೆದುಕೊಂಡೆ.
ಬಕೆಟ್ಟನ್ನು ಬರೆಯಲಿಲ್ಲ.
ಅದು ಅಜೆಂಡಾದಲ್ಲಿಲ್ಲ.

ಜೈಲಿನ ಡಾಕ್ಟರ ಕರಾರು ಇನ್ನೊಂದು ವರ್ಷಕ್ಕೆ: ಸೈ.
ಕಳೆ ನಿಯಂತ್ರಣದ ಅಧಿಕಾರಿಗೆ ಹೊಸ ಪಿಕಪ್ಪು: ಮುಂದಕ್ಕೆ.
ತಿಂಗಳ ಖರ್ಚಿನ ಪಟ್ಟಿ ಓದಿದೆ:
ಟೋನರು, ರಸ್ತೆಗೆರಚುವ ಉಪ್ಪು, ಗ್ರೇಡರಿನ ಬ್ಲೇಡು,
ವಾರಸುದಾರರಿಲ್ಲದ ಒಂದು ಹೆಣದ ಮಣ್ಣಿನ ಖರ್ಚು.
ಯಾರೂ ತಲೆಯೆತ್ತಲಿಲ್ಲ.

ಆಮೇಲೆ ಏಳನೇ ವಿಷಯ.
ನಾನೂರ ಹದಿನೇಳನೇ ರಸ್ತೆ, ಆರೂವರೆ ಮೈಲಿ,
ಡಾಂಬರು ಕಿತ್ತು ಮತ್ತೆ ಜಲ್ಲಿಗಿಳಿಸುವುದು.

ರಸ್ತೆ ಸೂಪರಿಂಟೆಂಡೆಂಟ್ ಡ್ವೇನ್ ಹ್ರಬಿಕ್ ಎದ್ದು ನಿಂತ, ಟೋಪಿ ಕೈಯಲ್ಲಿ.
"ಇದಕ್ಕೆ ಡಾಂಬರು ಹಾಕಿದವನು ನಮ್ಮಪ್ಪ.
ಹಾಕಿದ ದಿನ ಹೈಸ್ಕೂಲಿನ ಬ್ಯಾಂಡು ಬಾರಿಸಿದ್ದರಂತೆ.
ಕೀಳೋದಕ್ಕೆ ನಾನು, ಒಂದು ಬಾಡಿಗೆ ಮಿಶಿನ್ನು ಸಾಕು."
ತೆರಿಗೆಯ ಮೇಲೆ ರಾಜ್ಯ ಮುಚ್ಚಳ ಹಾಕಿ ಕೂತಿದೆ,
ಜಲ್ಲಿಯ ಬೆಲೆಗೆ ಯಾರೂ ಹಾಕಿಲ್ಲ;
ಇದೂ ಅವನೇ ಅಂದದ್ದು.
ಬರೆದೆ: ಸೂಪರಿಂಟೆಂಡೆಂಟರು ಆರ್ಥಿಕ ಸ್ಥಿತಿ ವಿವರಿಸಿದರು.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ.
ಹಸಿರು ದೀಪ, ಹಳದಿ, ಕೆಂಪು. ಗುಂಡಿ ನನ್ನ ಕೈಯಲ್ಲಿ.
ಒಬ್ಬ ಮೈಲಿಗೆ ಎಷ್ಟು ಮೊಟ್ಟೆ ಒಡೆಯುತ್ತದೆಂದು ಲೆಕ್ಕ ಕೊಟ್ಟ.
ಇನ್ನೊಬ್ಬ ತೆರಿಗೆಯ ಚೀಟಿ ಬಿಡಿಸಿ ಎದೆಗೆ ಹಿಡಿದುಕೊಂಡು
ಒಂದು ಮಾತೂ ಆಡದೆ ನಿಂತೇ ಇದ್ದ.
ಹಳದಿ ಬಂತು. ಕೆಂಪು ಬಂತು.
ಥ್ಯಾಂಕ್ಯೂ ಅಂದು ಕೂತ.
ಆ ಮೂರು ನಿಮಿಷಕ್ಕೆ ಯಾವ ಭಾಷೆಯಲ್ಲೂ
ನನಗೊಂದು ವಾಕ್ಯ ಸಿಗಲಿಲ್ಲ.

ಕೊನೆಗೆ ಆರ್ಡಿತ್ ವಾನೆಕ್. ಎಪ್ಪತ್ತರ ಹತ್ತಿರ.
ಸಂಬಳವಿಲ್ಲದ ಆಂಬುಲೆನ್ಸ್ ಓಡಿಸುವವಳು.
"ಡಾಂಬರಿನ ಮೇಲೆ ಹನ್ನೊಂದು ನಿಮಿಷ. ಜಲ್ಲಿಯ ಮೇಲೆ ಹದಿನೇಳು.
ಒಣಗಿದ ದಿನದ ಮಾತು ಇದು. ಹಿಮ ಬಿದ್ದರೆ ನನ್ನ ಕೇಳಬೇಡಿ.
ಹಿಂದೆ ಮಲಗಿದವರನ್ನ ಹೆಸರು ಹಿಡಿದು ಕರೀತಾನೇ ಇರ್ತೀನಿ,
ನಿದ್ದೆ ಹೋಗದ ಹಾಗೆ.
ಈ ಕೋಣೇಲಿರೋ ಎಲ್ಲರ ಹೆಸರೂ ನನಗೆ ಗೊತ್ತು."
ದೀಪ ಇನ್ನೂ ಹಸಿರಿತ್ತು. ಕೂತುಬಿಟ್ಟಳು.

ಮತಕ್ಕೆ ಹಾಕಿದರು. ಎರಡು ಹೌದು, ಎರಡು ಇಲ್ಲ.
ಉಳಿದವನು ಅಧ್ಯಕ್ಷ ಲೈಲ್ ಸೆಡ್ಲಾಚೆಕ್.
ಅವನ ಮನೆ ಅದೇ ರಸ್ತೆಯ ಕಟ್ಟಕಡೆಗೆ.
ಹೆಂಡತಿಯ ಆಕ್ಸಿಜನ್ ಸಿಲಿಂಡರು
ಗುರುವಾರ ಗುರುವಾರ ಅದರ ಮೇಲೇ ಬರುವುದು.
ಲೈಲ್ ನೀರು ಕುಡಿದ.
ಬಕೆಟ್ಟಿಗೆ ಹನಿ ಬಿದ್ದದ್ದು ಎಲ್ಲರಿಗೂ ಕೇಳಿಸಿತು.
"ಹೌದು" ಅಂದ, ಹಳೇ ಬಾಕಿ ಒಪ್ಪಿಕೊಂಡವನ ದನಿಯಲ್ಲಿ.
ಬರೆದೆ: ಠರಾವು ಅಂಗೀಕಾರ, ಮೂರಕ್ಕೆ ಎರಡು.

ನಾನು ಬರೆಯುವುದಕ್ಕೆ ನನ್ನ ಮಾತಿನಲ್ಲಿ ನಡಾವಳಿ ಅನ್ನುತ್ತಾರೆ.
ನಡೆದದ್ದು, ನಡತೆ, ನಡೆಸಿಕೊಂಡು ಹೋಗುವುದು,
ಎಲ್ಲ ಒಂದೇ ಬೇರು, ಕಾಲಿನ ಬೇರು; ಕೆಳಗೊಂದು ದಾರಿ ಇದ್ದೇ ಇರಬೇಕು.
ಇಲ್ಲಿಯವರು ಮಿನಿಟ್ಸ್ ಅನ್ನುತ್ತಾರೆ.
ನಿಮಿಷಗಳು.
ಆರ್ಡಿತ್ ಎಣಿಸಿದ್ದೂ ಅವನ್ನೇ.

ಎರಡು ವಾರದ ಮೇಲೆ, ಹಿಂದಿನ ಸಭೆಯ ನಡಾವಳಿ ದೃಢೀಕರಣ.
ಯಾವತ್ತೂ ಯಾರೂ ಓದುವುದಿಲ್ಲ. ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು.
"ಎರಡನೇ ಪುಟ. ಶ್ರೀಮತಿ ವಾನೆಕ್ ಆತಂಕ ವ್ಯಕ್ತಪಡಿಸಿದರು ಅಂತಿದೆ.
ನಾನೇನೂ ವ್ಯಕ್ತಪಡಿಸಲಿಲ್ಲ. ಹದಿನೇಳು ಅಂದೆ.
ಹದಿನೇಳು ಅಂತ ಬರೀರಿ."
ತಿದ್ದುಪಡಿ ಮತಕ್ಕೆ. ಐದಕ್ಕೆ ಐದು.
ಲೈಲ್ ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಅಂಕಿಯಲ್ಲೂ ಬರೆದೆ, ಅಕ್ಷರದಲ್ಲೂ ಬರೆದೆ, ಚೆಕ್ಕಿಗೆ ಬರೆದ ಹಾಗೆ.
ಸಹಿ ಹಾಕಿ ಮುದ್ರೆ ಒತ್ತಿದೆ.
ತುಂಬುತ್ತ ಬಂದ ಬಕೆಟ್ಟನ್ನು ಕೆಳಗೊಯ್ದು ಚೆಲ್ಲುವಾಗ
ಪಾರ್ಕಿಂಗಿನಲ್ಲಿ ಡ್ವೇನ್ ಫೋನು ಹಿಡಿದು ನಿಂತಿದ್ದ.
ಸೋಮವಾರ ಮಿಶಿನ್ನು ಖಾಲಿ ಇದೆಯಂತೆ.