ತೂಕದ ಕೋಣೆ

ಮಾಚೇನಹಳ್ಳಿಯ ಬಿಯರ್ ಶೆಡ್ಡಿನಲ್ಲಿ ನನ್ನದು ತೂಗುವ ಕೆಲಸ.
ಹದಿನಾರು ವರ್ಷ ಊದುಬತ್ತಿ ಹೊಸೆದವಳು,
ಇವಳ ಮೂಗು ಸತ್ತಿರಬೇಕು ಅಂದುಕೊಂಡಿದ್ದರು.
ಸತ್ತಿರಲಿಲ್ಲ. ಹಸಿದಿತ್ತು.

ತಣ್ಣನೆ ಪೆಟ್ಟಿಗೆಯಲ್ಲಿ ಬೆಳ್ಳಿಬಣ್ಣದ ಚೀಲಗಳು,
ಮೇಲೆಲ್ಲ ಇಂಗ್ಲಿಷು.
ಮೂಲೆ ಕತ್ತರಿಸಿ ಮೂಗಿಡುತ್ತೇನೆ, ಅಷ್ಟೇ ನನ್ನ ಓದು.
ಒಳಗೆ ಕೋಳಿತಿಂಡಿಯಂಥ ಹಸಿರು ಕಾಳು,
ಯಾವುದೋ ಚಳಿಸೀಮೆಯ ಬಳ್ಳಿಯ ಹೂವಂತೆ,
ಹೆಣ್ಣುಬಳ್ಳಿಯದೇ ಆಗಬೇಕಂತೆ,
ಗಂಡು ಕಣ್ಣಿಗೆ ಬಿದ್ದರೆ ಬುಡಸಮೇತ ಕೀಳುತ್ತಾರಂತೆ.
ಬಾಟ್ಲಿ ತೊಳೆಯುವ ಹೆಂಗಸರು ಒಂದು ವಾರ ನಕ್ಕರು.

ಮೆಲ್ವಿನ್ ಸರ್ ಮ್ಯಾಗ್ನಮ್ ಅನ್ನುವುದು ನನಗೆ ನೆಲಬೇವು:
ಪರಿಮಳ ಕಮ್ಮಿ, ಬೆನ್ನು ಬಗ್ಗಿಸದ ಕಹಿ.
ಕಡಾಯಿ ಕುದಿ ಬಂದೊಡನೆ ಅದು, ಒಂದು ತಾಸು ಬೇಯಬೇಕು.
ಕ್ಯಾಸ್ಕೇಡ್ ಚಕ್ಕೋತದ ಸಿಪ್ಪೆ, ಇಳಿಸಲು ಹತ್ತು ನಿಮಿಷವಿದ್ದಾಗ.
ಸಾಜ್, ಒಣಗಿದ ಕಾಮಕಸ್ತೂರಿ, ಮಾತು ಕಮ್ಮಿಯ ಹೆಂಗಸು.
ಚಿನೂಕ್‌ನೊಳಗೆ ಧೂಪದ ಮರವೊಂದು ಕಚ್ಚು ತಿಂದು ನಿಂತಿದೆ.
ಸಿಟ್ರಾ ಬಿಚ್ಚಿದ ದಿನ ಮಾತ್ರ ತಕ್ಕಡಿ ಮರೆತೆ.
ಅಪ್ಪೆಮಿಡಿಯ ತೊಟ್ಟು ಮುರಿದು
ಸೊನೆ ಮುಖಕ್ಕೇ ಚಿಮ್ಮಿದ ಹಾಗೆ.
ಅದನ್ನು ಬೇಯಿಸಬಾರದು, ಎಲ್ಲ ಹುಳಿಯೆದ್ದು ತಣಿದ ಮೇಲೆ
ಸುಮ್ಮನೆ ನೆನೆಹಾಕಬೇಕು.
ಒಗ್ಗರಣೆಗೆ ಸಾಸಿವೆ ಮೊದಲು, ಕೊತ್ತಂಬರಿ ಕೊನೆಗೆ,
ಇದನ್ನು ಕಲಿಯಲು ಮೂರು ವರ್ಷ ಬೇಕಾಯಿತಾ ಸರ್ ಅಂದೆ.
ಅವರು ಕನ್ನಡಕ ಒರೆಸಿಕೊಂಡರು.

ಆಷಾಢದಲ್ಲಿ ರಿಪ್ಪನ್‌ಪೇಟೆಯಿಂದ ಮಗಳ ಫೋನು:
ಕೂಸಿಗೆ ಎರಡು ತುಂಬಿತು, ಮೊಲೆ ಬಿಡಿಸಲಾಗುತ್ತಿಲ್ಲ,
ಬೇವು ಅರೆದು ಹಚ್ಚಿದರೆ
ನನ್ನ ಸೆರಗಲ್ಲೇ ಒರೆಸಿ ಕುಡಿಯುತ್ತದೆ ಕಳ್ಳ.
ಆ ಸಂಜೆ ನೆಲಬೇವಿನ ನಾಲ್ಕು ಕಾಳು
ಸೆರಗಿನ ತುದಿಯಲ್ಲಿ ಗಂಟಾಗಿ ಗೇಟು ದಾಟಿದವು.
ಎರಡು ಗ್ರಾಂ.
ಪುಸ್ತಕದಲ್ಲಿ ಬರೆಯಲಿಲ್ಲ.

ನೀರಲ್ಲಿ ನೆನೆಸಿ ಹಚ್ಚಿಕೊಂಡಳು.
ಕೂಸು ಬಾಯಿಟ್ಟಿತು, ಮುಖ ಹಿಂಡಿತು,
ಒರೆಸಲು ಕೈ ಎತ್ತಿದ್ದು ಅಲ್ಲೇ ಬಿಟ್ಟು
ಅವ್ವನ ಮುಖ ನೋಡಿತು,
ತುಂಬ ಹೊತ್ತು,
ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟವರನ್ನು ನೋಡುವ ಹಾಗೆ.
ಆಮೇಲೆ ಇಳಿದು ಹೋಗಿ ಚೊಂಬಿನ ಜೊತೆ ಆಡಿತು.
ರಾತ್ರಿಯೂ ಕೇಳಲಿಲ್ಲ.
ಎದೆ ಕಟ್ಟಿ ಅತ್ತವಳು ಮಗಳು.

ಸೋಮವಾರ ಸರ್ ಮುಂದೆ ಹೋಗಿ ಹೇಳಿಬಿಟ್ಟೆ, ಎರಡು ಗ್ರಾಂ ನಾನೇ.
ಬೈಯಲಿಲ್ಲ. ಎಷ್ಟು ಹೊತ್ತು ಕುದಿಸಿದಿರಿ ಅಂದರು.
ಕುದಿಸಲಿಲ್ಲ, ಬರೀ ತಣ್ಣೀರು.
ಹಾಗಾದರೆ ಸಾಕಮ್ಮ, ಅದರ ಕಹಿ ಪೂರ್ತಿ ಹೊರಗೆ ಬಂದಿರುವುದಿಲ್ಲ,
ಬೆಂಕಿ ತಾಗದೆ ಅದು ತನ್ನನ್ನು ಬಿಟ್ಟುಕೊಡುವುದಿಲ್ಲ.
ಮತ್ತೆ ಕೂಸು ಬಿಟ್ಟಿದ್ದು?

ಕಡಾಯಿ ಗೊಳಗೊಳ ಅನ್ನುತ್ತಿತ್ತು.
ಅವರು ಪುಸ್ತಕ ಎಳೆದುಕೊಂಡು ಮ್ಯಾಗ್ನಮ್ ಸಾಲಿನಲ್ಲಿ
ಎರಡು ಗ್ರಾಂ ಕಳೆದರು,
ಕಾರಣದ ಜಾಗಕ್ಕೆ ಬಂದು ಪೆನ್ನು ನಿಂತಿತು.
ಆಮೇಲೆ ನನಗೂ ಓದಲು ಬರುವಂತೆ, ಕನ್ನಡದಲ್ಲಿ,
ರುಚಿ ನೋಡಲು, ಎಂದು ಬರೆದರು.