ವಿಲೋ ತರಗತಿಯ ಕುರ್ಚಿಗಳು

ಈ ವರ್ಷದಿಂದ ಎ, ಬಿ, ಸಿ, ಡಿ ಇಲ್ಲ.
ಹೊಸ ಹೆಡ್‌ಮಿಸ್ಟ್ರೆಸ್ ಅಕ್ಷರಗಳನ್ನು ಕೀಳಿಸಿ
ಬಾಗಿಲ ಮೇಲೆ ಮರ ನೆಡಿಸಿದರು:
ಓಕ್, ಆಶ್, ಬರ್ಚ್, ವಿಲೋ.
ಏಣಿ ಹತ್ತಿ ಮೊಳೆ ಹೊಡೆದವನು ನಾನೇ.
'ಎಲ್ಲವೂ ಒಂದೇ ಕಾಡಿನವು, ಮಿಸ್ಟರ್ ಬ್ಲಾಂಚರ್ಡ್'
ಎಂದರು, ಕೆಳಗೆ ಏಣಿ ಹಿಡಿದು. ಒಳ್ಳೆಯ ಹೆಂಗಸು.
ಸೋಮವಾರ, ಮೊದಲ ಗಂಟೆಗೂ ಮುಂಚೆ,
ಮೆಟ್ಟಿಲ ಮೇಲೆ ಯಾರೋ ಯಾರನ್ನೋ ಕೂಗಿದ್ದು ಕೇಳಿತು:
'ಲೇ, ವಿಲೋ!'

ನನಗೆ ತರಗತಿಗಳ ಗುರುತು ಬೇರೆ.
ಓಕ್‌ನ ಕಿಟಕಿ ಹಂಬರ್ ನೀರಿನ ಕಡೆಗೆ.
ಹೀಟರ್ ಕೆಟ್ಟರೆ ಅದೇ ದಿನ ಚೀಟಿ ಬರುತ್ತದೆ,
ಮುತ್ತು ಪೋಣಿಸಿದಂಥ ಅಕ್ಷರ.
ವಿಲೋ ಇರುವುದು ಹಿಂದಿನ ಶೆಡ್ಡಿನಲ್ಲಿ, ಅಡುಗೆಮನೆಗೆ ಅಂಟಿ,
ಹನ್ನೊಂದರಿಂದಲೇ ಬೆಂದ ಎಲೆಕೋಸಿನ ವಾಸನೆ.
ಅಲ್ಲಿಂದ ಚೀಟಿ ಬರುವುದಿಲ್ಲ, ನಾನೇ ಹೋಗಿ ನೋಡಬೇಕು.
ಎಂಥ ಕುರ್ಚಿ ಹಾಕಿದರೂ ಅಲ್ಲಿ ಕುಂಟುತ್ತದೆ.
ಆರು ವರ್ಷದಿಂದ ರಟ್ಟು ಮಡಚಿ
ಕಾಲಡಿ ತುರುಕುತ್ತಾ ಬಂದಿದ್ದೇನೆ.
ಆ ಮಕ್ಕಳು ಕೂರುವ ರೀತಿಯೇ ಹಾಗೆ ಅಂದುಕೊಂಡಿದ್ದೆ.

ಇದಕ್ಕೂ ಮೊದಲು ಹದಿನೇಳು ವರ್ಷ
ಗ್ರಿಮ್ಸ್‌ಬಿ ಬಂದರಿನಲ್ಲಿ ಮೀನು ವಿಂಗಡಿಸಿದವನು.
ನಸುಕಿಗೆ ಮುಂಚೆ ದೋಣಿಯ ಹೊಟ್ಟೆ ತೆರೆದರೆ
ಕಾಡ್ ಇತ್ತ, ಹ್ಯಾಡಕ್ ಅತ್ತ,
ದೊಡ್ಡದು, ನಡುವಿನದು, ಸಣ್ಣದು, ಚಿಲ್ಲರೆ.
ತಕ್ಕಡಿ ಬೇಕಿರಲಿಲ್ಲ, ಅಂಗೈಗೇ ಗೊತ್ತಾಗುತ್ತಿತ್ತು.
ಆ ಕೆಲಸದಲ್ಲಿ ನಾನು ತಪ್ಪಿದವನಲ್ಲ.
ಸತ್ತ ಮೀನು ನೋಡಿ,
ಪೆಟ್ಟಿಗೆಗೆ ಹಾಕಿದ ಮೇಲೆ ಬೆಳೆಯುವುದಿಲ್ಲ.

ನಾನೂ ಡಿ.
ಹನ್ನೊಂದನೇ ವಯಸ್ಸಿನ ಒಂದು ಮಂಗಳವಾರ
ಪ್ರಶ್ನೆಪತ್ರಿಕೆಯಲ್ಲಿ ಒಂದು ರೈಲು ಹೊರಟಿತ್ತು,
ಇನ್ನೊಂದು ಎದುರಿಂದ ಬರುತ್ತಿತ್ತು.
ಎಲ್ಲಿ ಸಂಧಿಸುತ್ತವೆ ಎಂಬುದು ಅವರ ಪ್ರಶ್ನೆ.
ಒಳಗೆ ಯಾರ್‍ಯಾರಿದ್ದಾರೆ, ಅವರಿಗೆ ಗೊತ್ತೇ, ಎಂದು
ನಾನು ಯೋಚಿಸುತ್ತಾ ಕೂತೆ. ಗಂಟೆ ಹೊಡೆಯಿತು.
'ಬೆಳೆಯ ಸಿರಿ ಮೊಳಕೆಯಲ್ಲೇ ಕಾಣುತ್ತದೆ'
ಎಂದರು ಮೇಷ್ಟರು. ಅಪ್ಪ ಟೋಪಿ ತೆಗೆದು
ಅವರಿಗೆ ಥ್ಯಾಂಕ್ಸ್ ಹೇಳಿದ.

ಗುರುವಾರ ವಿಲೋದ ಗ್ಲೆನಿಸ್ ಸ್ಟಬ್ಸ್
ಕುರ್ಚಿ ಹೊತ್ತುಕೊಂಡು ನನ್ನ ಕೋಣೆಗೆ ಬಂದಳು.
ನಾನು ರಟ್ಟು ಹುಡುಕತೊಡಗಿದೆ.
'ಬೇಡ. ಇದನ್ನು ಇಲ್ಲಿ ಇಟ್ಟು ನೋಡಿ' ಎಂದಳು.
ಇಟ್ಟೆ. ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿತು.
'ಈಗ ಅಲ್ಲಿಗೆ ಬನ್ನಿ.'
ಬಾಗಿಲ ಬಳಿ ಒಂದು ಹಸಿರು ಗೋಲಿ ಬಿಟ್ಟಳು.
ಅದು ಬೆಂಚುಗಳ ನಡುವೆ, ಯಾರನ್ನೂ ಕೇಳದೆ,
ದಾರಿ ಬಲ್ಲದ್ದರ ಹಾಗೆ ಉರುಳಿ
ಕೋಣೆಯ ನಟ್ಟನಡುವಿನ ತಗ್ಗಿನಲ್ಲಿ ಕೂತಿತು.
'ಕುರ್ಚಿ ಕುಂಟಲ್ಲ, ನೆಲ ಕುಸಿದಿದೆ' ಎಂದಳು ಗ್ಲೆನಿಸ್,
ಮೂಗೊರೆಸಿಕೊಳ್ಳುತ್ತಾ.
'ಸೆಪ್ಟೆಂಬರಿಂದ ನೋಡ್ತಿದೀನಿ. ಯಾರೂ ಕೇಳಲಿಲ್ಲ.'

ಚೀಟಿ ಬರೆಯಲು ಹೇಳಿದೆ.
ಮೂರು ಸಾಲು, ಎರಡು ಕಾಗುಣಿತದ ತಪ್ಪು.
ತಿದ್ದದೆ ಹಾಗೇ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲಿಟ್ಟೆ,
ಹಾರದಿರಲೆಂದು ಅದರ ಮೇಲೆ ಒಂದು ಬೋಲ್ಟು.
ಇನ್ನೂ ಉತ್ತರ ಬಂದಿಲ್ಲ.

ಗೋಲಿ ನನ್ನ ಕಿಸೆಯಲ್ಲೇ ಉಳಿದಿತ್ತು.
ಈ ಸಂಜೆ ಕಸ ಗುಡಿಸಿ, ದೀಪ ಆರಿಸುವ ಮುನ್ನ
ಓಕ್‌ನ ನೆಲದ ಮೇಲೆ ಅದನ್ನು ಇಟ್ಟು
ಮಂಡಿಯೂರಿ ತುಂಬಾ ಹೊತ್ತು ಕಾದೆ.
ಇಟ್ಟಲ್ಲೇ ಇತ್ತು.